ಮಿದ್ದೆ ಮನೆಯ ನಡುಗೋಡೆ

ಆ ಮನೆಯ ನಡುಗೋಡೆಯನ್ನು ಮೊದಲ ಸಲ ನೋಡಿದಾಗ, ಎಲ್ಲ ಹಳೇ ಮನೆಗಳಲ್ಲಿ ಮಾಡುವಂತೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟು ಕೇಳಿದೆ. ಸದ್ದು ದಪ್ಪಗಿತ್ತು. ಕಾಡುಗಲ್ಲು, ಮಣ್ಣಿನ ಗಾರೆ, ಒಂದು ಮೊಳ ಮೀರಿದ ದಪ್ಪ. ಪಾವಗಡದ ವಳ್ಳೂರು ಕಡೆ ಇಂಥ ಮನೆಗೆ ಕಲ್ಲು ಮಿದ್ದೆ ಅನ್ನುತ್ತಾರೆ. ಸೂರಿಗೆ ಮರವಿಲ್ಲ, ಕಾಂಕ್ರೀಟಿಲ್ಲ. ಉದ್ದುದ್ದ ಕಲ್ಲು ಚಪ್ಪಡಿಗಳನ್ನು ಗೋಡೆಯಿಂದ ಗೋಡೆಗೆ ಒತ್ತಾಗಿ ಹಾಸಿ ಮೇಲೆ ಮಣ್ಣು ಹೇರಿ ಬಡಿದಿರುತ್ತಾರೆ. ಮುಂದಿನ ಪಡಸಾಲೆಯ ಚಪ್ಪಡಿಗಳ ಒಂದು ತುದಿ ಈ ನಡುಗೋಡೆಯ ಮೇಲೆ ಕೂತಿತ್ತು, ಹಿಂದಿನ ಅಡುಗೆಮನೆಯ ಚಪ್ಪಡಿಗಳದ್ದೂ ಅಲ್ಲೇ. ಇಡೀ ಮನೆಯನ್ನು ಹೊತ್ತು ನಿಂತ ಗೋಡೆ ಅದು. ಅದನ್ನೇ ತೆಗೆಸಬೇಕೆಂದು, ಹಳೇ ಮನೆ ತಿದ್ದಿ ಕಟ್ಟಿಸುವ ಕಸುಬಿನ ನನ್ನನ್ನು ಮಧುಗಿರಿಯಿಂದ ಕರೆಸಿದ್ದರು.

ಕರೆಸಿದವರು ಅಣ್ಣ ತಮ್ಮ. ಅಣ್ಣನಿಗೆ ಐವತ್ತು ದಾಟಿತ್ತು. ಊರವರೆಲ್ಲ ಯಜಮಾನರು ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ತಮ್ಮನಿಗೆ ನಲವತ್ತರ ಆಸುಪಾಸು. ಇಬ್ಬರ ಮಕ್ಕಳೂ ಹಾಸ್ಟೆಲಿನಲ್ಲಿದ್ದರು, ಹಾಗಾಗಿ ಮನೆಯಲ್ಲಿ ಇದ್ದವರು ಈ ಇಬ್ಬರು ಗಂಡಸರು, ಅವರ ಹೆಂಡಂದಿರು, ಅಷ್ಟೇ. ಕಡಲೆಕಾಯಿ ಬೆಳೆಯುತ್ತಿದ್ದ ಅವರ ಹೊಲವೆಲ್ಲ ಈಗ ಸೋಲಾರ್ ಫಲಕಗಳ ಅಡಿಯಲ್ಲಿ ಗುತ್ತಿಗೆಗೆ ಹೋಗಿತ್ತು. ಕೈಗೆ ಬರುವುದು ಬರುತ್ತಿತ್ತು. ಮಾಡುವ ಕೆಲಸ ಮಾತ್ರ ಇರಲಿಲ್ಲ. ನಾನು ಯಾವ ಹೊತ್ತಿನಲ್ಲಿ ಹೋದರೂ ಇಬ್ಬರೂ ಪಡಸಾಲೆಯಲ್ಲೇ ಇರುತ್ತಿದ್ದರು, ಅಣ್ಣ ಕಂಬಕ್ಕೆ ಒರಗಿಕೊಂಡು, ತಮ್ಮ ಫೋನು ಹಿಡಿದುಕೊಂಡು.

ತಮ್ಮ ಫೋನನ್ನು ನನ್ನ ಮುಖದ ಮುಂದೆ ಹಿಡಿದರು.

"ನೋಡಿ ಮೇಡಂ, ಇಂಗೆ ಬರ್ಬೇಕು. ಬಾಗ್ಲು ತೆಗುದ್ರೆ ಹಾಲು, ಡೈನಿಂಗು, ಕಿಚನ್ನು ಎಲ್ಲಾ ಒಂದೇ. ಈ ಗವೀಲಿ ಬದುಕಿದ್ದು ಸಾಕಾಗೈತೆ."

ಯಜಮಾನರು ಗೋಡೆ ಕಡೆ ನೋಡಿದರು. "ತೆಗೆಯಾಕಾಯ್ತದಾ? ಅದೊಂದೇಳಮ್ಮ."

"ಆಗುತ್ತೆ. ಆದ್ರೆ ಗೋಡೆ ಹೊತ್ಕೊಂಡಿರೋದನ್ನ ಇನ್ನೇನಾದ್ರೂ ಹೊರಬೇಕು" ಅಂದೆ.

ಗೋಡೆಯ ಆಚೆ ಬದಿ ನೋಡಲು ಹೋದೆ. ಅಡುಗೆಮನೆಯ ಕಲ್ಲು ಹೊಗೆ ಹಿಡಿದು ಕಪ್ಪಾಗಿತ್ತು. ಹಿತ್ತಲ ಬಾಗಿಲ ಬೆಳಕಿಗೆ ಮುಖಮಾಡಿ ಹೊಲಿಗೆ ಯಂತ್ರವೊಂದಿತ್ತು. ಅಲ್ಲಿ ಬೀದಿಯ ಮೂರು ನಾಲ್ಕು ಹೆಂಗಸರು ನೆಲದ ಮೇಲೆ ಕೂತು ಏನಕ್ಕೋ ನಗುತ್ತಿದ್ದರು. ನನ್ನ ಹಿಂದೆ ಯಜಮಾನರ ತಲೆ ಕಂಡದ್ದೇ ತಡ, ಎಲ್ಲರೂ ಎದ್ದು ಹಿತ್ತಲಿಂದ ಹೊರಟುಹೋದರು. ಉಳಿದವರು ಮನೆಯ ಇಬ್ಬರು ಸೊಸೆಯರು: ಯಜಮಾನರ ಹೆಂಡತಿ ಹಿರಿಸೊಸೆ, ತಮ್ಮನ ಹೆಂಡತಿ ಕಿರಿಸೊಸೆ. ಹೊಲಿಯುತ್ತಿದ್ದವರು ಕಿರಿಸೊಸೆ.

ಅಡುಗೆಮನೆ ಹೇಗಿದ್ದರೆ ಅನುಕೂಲ ಎಂದು ಕೇಳಿದೆ. ಇಬ್ಬರು ಗಂಡಸರೂ ಬಾಗಿಲಲ್ಲಿ ನಿಂತಿದ್ದರು.

"ಅವ್ರು ಹೇಳ್ದಂಗೇ ಮಾಡಿ ಕಣಮ್ಮ. ನಮ್ದೇನೈತೆ" ಅಂದರು ಹಿರಿಸೊಸೆ.

ಕಿರಿಸೊಸೆ ಮಾತ್ರ ಒಂದು ಪ್ರಶ್ನೆ ಕೇಳಿದರು. "ಮಿಷನ್ ಎಲ್ಲಿಕ್ಕಬೇಕು ಮೇಡಂ?"

ನಾನು ನಕ್ಷೆಯಲ್ಲಿ ಹಾಲಿನ ಕಿಟಕಿ ಪಕ್ಕ ಒಂದು ಚೌಕ ಬರೆದು ತೋರಿಸಿದೆ. ಬೆಳಕು ಚೆನ್ನಾಗಿ ಬರುತ್ತೆ ಅಂದೆ. ಅವರು ಆ ಚೌಕವನ್ನೇ ಸ್ವಲ್ಪ ಹೊತ್ತು ನೋಡಿ ತಲೆಯಾಡಿಸಿದರು.

ಹಿಂದುಗಡೆ ಎರಡು ಹೊಸ ಕೋಣೆ, ಅವಕ್ಕೆ ಬಚ್ಚಲು ಸೇರಿಸುವ ಕೆಲಸ ಮೊದಲು ಮುಗಿಯಿತು. ಅದರಲ್ಲಿ ತೊಡಕಿರಲಿಲ್ಲ. ಬಯಲಿನಲ್ಲಿ ಹೊಸ ಗೋಡೆ ಎಬ್ಬಿಸುವುದು ಯಾರಿಗಾದರೂ ಆಗುತ್ತದೆ. ಹಳೇ ಮನೆಯೊಳಗೆ ಜಾಗ ಬಿಡಿಸುವುದೇ ಬೇರೆ. ಅದಕ್ಕೆ ಶಿರಾದಿಂದ ನನ್ನ ಮೇಸ್ತ್ರಿಯನ್ನು ಕರೆಸಿಕೊಂಡೆ. ಭಾರದ ಗೋಡೆಯ ಕೆಲಸವನ್ನು ನಾನು ಅವರಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ಬಿಪಿ ಮಾತ್ರೆ ನುಂಗುತ್ತಾ, "ಫಿಕರ್ ಮತ್ ಕರೋ ಮೇಡಂ" ಎನ್ನುತ್ತಾ, ನನಗಿಂತ ಹೆಚ್ಚು ತಾವೇ ಚಿಂತೆ ಮಾಡುವ ಮನುಷ್ಯ.

ಈ ಕೆಲಸದಲ್ಲಿ ಕ್ರಮವೇ ಎಲ್ಲ. ಮಿದ್ದೆಯ ಮೇಲಿನ ಮಣ್ಣನ್ನು ಇಳಿಸಿ ಭಾರ ಕಡಿಮೆ ಮಾಡಬೇಕು. ಗೋಡೆಯ ಎರಡು ತುದಿಯಲ್ಲಿ ಗುಂಡಿ ತೋಡಿ ಕಾಂಕ್ರೀಟ್ ಕಂಬ ಎಬ್ಬಿಸಬೇಕು. ಆಮೇಲೆ ಗೋಡೆಯ ಎರಡೂ ಬದಿಗೆ ಚಪ್ಪಡಿಗಳ ಹೊಟ್ಟೆಗೆ ಅಡ್ಡಲಾಗಿ ಕಬ್ಬಿಣದ ತೊಲೆ ಕೊಟ್ಟು, ಅದರಡಿ ಸಾಲಾಗಿ ಆಸರೆ ಕಂಬ ನಿಲ್ಲಿಸಿ, ತಿರುಪು ಬಿಗಿದು, ಸೂರಿನ ಭಾರವನ್ನು ಗೋಡೆಯಿಂದ ಆಸರೆಗೆ ದಾಟಿಸಬೇಕು. ಆಗ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ವರಸೆ ವರಸೆಯಾಗಿ ಬಿಚ್ಚಬಹುದು. ಖಾಲಿಯಾದ ಜಾಗಕ್ಕೆ ಉಕ್ಕಿನ ಗರ್ಡರ್ ಎತ್ತಿ ಕಂಬದಿಂದ ಕಂಬಕ್ಕೆ ಕೂರಿಸಿ, ಚಪ್ಪಡಿಗೂ ಗರ್ಡರಿಗೂ ನಡುವಿನ ಸಂದಿಗೆ ಗಟ್ಟಿ ಗಾರೆ ತುಂಬಿ, ಅದು ಬಲಿತ ಮೇಲೆ ಆಸರೆ ಇಳಿಸಬೇಕು. ಮೊದಲ ಕಲ್ಲು ಕಿತ್ತ ಮೇಲೆ ಹಿಂದಕ್ಕೆ ಹೋಗುವ ದಾರಿ ಇರುವುದಿಲ್ಲ. ಇಷ್ಟನ್ನೂ ಅಣ್ಣತಮ್ಮಂದಿರಿಗೆ ಬಿಡಿಸಿ ಹೇಳಿದ್ದೆ.

ಗೋಡೆಯ ಒಡಲಲ್ಲಿ ಏನಿದೆಯೆಂದು ನೋಡಲು ಮೊದಲು ಒಂದೆರಡು ತೂತು ಕೊರೆಸಿದೆವು. ಮರುದಿನ ಬಂದು ನೋಡಿದರೆ ತೂತಿಗೆ ಯಾರೋ ಹಳೇ ಸೀರೆಯ ಚೂರು ತುರುಕಿದ್ದರು. ಮೇಸ್ತ್ರಿ ಕಿತ್ತರು. ಅದರ ಮರುದಿನ ಮತ್ತೆ ತುರುಕಿತ್ತು. "ಯಾ ಅಲ್ಲಾ, ಈ ಮನೇಲಿ ಇಲಿ ಸೀರೆ ಉಡ್ತದಾ?" ಅಂದರು ಮೇಸ್ತ್ರಿ. ಹಿತ್ತಲಲ್ಲಿ ಕಿರಿಸೊಸೆ ತಲೆ ತಗ್ಗಿಸಿ ಬಟ್ಟೆ ಕತ್ತರಿಸುತ್ತಿದ್ದರು.

ಗೋಡೆಯ ಮೇಲಿನ ವರಸೆಗಳನ್ನು ಬಿಚ್ಚಿ, ಉಳಿದದ್ದು ಎದೆಯೆತ್ತರಕ್ಕೆ ಬಂದಾಗ ಮನೆಯ ಸ್ವರೂಪ ಬದಲಾಯಿತು. ಆ ದಿನ ನಾನು ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಇದ್ದೆ, ಚಪ್ಪಡಿ ಕೆಳಗೆ ಕಟ್ಟಿದ ದಾರವನ್ನು ನೋಡುತ್ತಾ. ಚಪ್ಪಡಿ ಕೂದಲೆಳೆಯಷ್ಟು ತಗ್ಗಿದರೂ ದಾರಕ್ಕೆ ಮುಟ್ಟಿ ಗೊತ್ತಾಗುತ್ತದೆ. ಕಣ್ಣು ದಾರದ ಮೇಲಿದ್ದರೂ ಕಿವಿಗೆ ಬಿಡುವಿತ್ತಲ್ಲ, ಪಡಸಾಲೆಯಿಂದ ಅಡುಗೆಮನೆಗೆ ದಾಟುವ ಗಂಡಸರ ಮಾತು ಬೀಳುತ್ತಿತ್ತು.

"ಏನೋ ಸೀದಂಗೈತಲ್ಲ?"

"ಯಾರೇ ಅದು ಫೋನು?"

"ಅವ್ಳ್ಯಾಕೆ ಬಂದಿದ್ಲು? ಆಗ್ಲೇ ಬಂದಿದ್ಲಲ್ಲ."

"ಮಿಷನ್ ನಿಲ್ಸು, ಅಣ್ಣ ಮಲಗವ್ನೆ."

ಯಾವುದೂ ಬೈಗುಳವಲ್ಲ. ಹೊತ್ತು ಹೋಗದ ಮನುಷ್ಯರು ಕಣ್ಣಿಗೆ ಬಿದ್ದದ್ದನ್ನು ಕೇಳುತ್ತಿದ್ದರು, ಅಷ್ಟೇ. ಆದರೆ ಮಧ್ಯಾಹ್ನದ ಹೊತ್ತಿಗೆ ಬೀದಿಯ ಹೆಂಗಸರು ಬರುವುದು ನಿಂತಿತು. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿದ್ದರು. ಹಿರಿಸೊಸೆಗೆ ಸೊಂಟ ನೋವು. ಊಟದ ಮೇಲೆ ಅಡುಗೆಮನೆಯ ನೆಲದಲ್ಲಿ ಒಂದು ಗಳಿಗೆ ಕಾಲು ಚಾಚಿ ಮಲಗುವ ರೂಢಿಯಂತೆ. ಅವತ್ತು ಅವರು ಗೋಡೆಯ ಮೊಂಡಿಗೆ ಬೆನ್ನು ಕೊಟ್ಟು, ಕಾಲು ಮಡಿಚಿಕೊಂಡೇ ಕೂತಿದ್ದರು.

ಮಾರನೆಯ ದಿನ ಆಸರೆ ಕುಸಿಯಿತು.

ಬೆಳಿಗ್ಗೆ ಗರ್ಡರ್ ಎತ್ತಲು ಸರಪಳಿ ಕಟ್ಟುತ್ತಿದ್ದೆವು. ಕಿರಿಸೊಸೆ ಆಸರೆಗಳ ನಡುವೆ ನುಸುಳಿ ಹಿಟ್ಟಿನ ಡಬ್ಬಿ ತೆಗೆಯುತ್ತಿದ್ದರು. ಕಾಲಡಿಯ ನೆಲದಿಂದ ಮಡಕೆ ಒಡೆದಂಥ ಸದ್ದು ಬಂತು. ಒಂದು ಆಸರೆ ಕಂಬ ಕಣ್ಣೆದುರೇ ನೆಲದೊಳಕ್ಕೆ ಇಳಿಯಿತು. ಮೇಲಿನ ತೊಲೆ ವಾಲಿ, ಒಂದು ಚಪ್ಪಡಿ ಎರಡು ಬೆರಳಷ್ಟು ಜಾರಿ, ಅಡ್ಡಕ್ಕೆ ಬಿರುಕು ಬಿಟ್ಟಿತು. ಮೇಸ್ತ್ರಿ "ಹಟೋ! ಹಟೋ!" ಎಂದು ಕಿರುಚಿದರು. ನಾನು ಕೈಗೆ ಸಿಕ್ಕಿದ ಸೆರಗನ್ನು ಹಿಡಿದು ಕಿರಿಸೊಸೆಯನ್ನು ಎಳೆದೆ. ಇಬ್ಬರೂ ಹಿತ್ತಲ ಹೊಸಿಲಿಗೆ ಎಡವಿ ಹೊರಗೆ ಬಿದ್ದೆವು. ಅವರ ಮೊಣಕೈ ತರಚಿತ್ತು. ಡಬ್ಬಿಯ ಹಿಟ್ಟು ಹೊಸಿಲ ತುಂಬ ಚೆಲ್ಲಿತ್ತು.

"ಎಲ್ರೂ ಹೊರಗೆ. ಒಂದು ಸಾಮಾನೂ ಮುಟ್ಟಬೇಡಿ" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಯಜಮಾನರು ಎದುರು ಮಾತಾಡದೆ ಎದ್ದು ಬಂದರು.

ನೆಲದಡಿ ಹಗೇವಿತ್ತು, ಹಿಂದಿನವರು ರಾಗಿ ತುಂಬಿಡುತ್ತಿದ್ದ ಗುಂಡಿ. ಬಾಯಿಗೆ ತೆಳು ಕಲ್ಲು ಮುಚ್ಚಿ, ಅದರ ಮೇಲೆ ಯಾವ ಕಾಲದಲ್ಲೋ ಸಿಮೆಂಟಿನ ನೆಲ ಹಾಕಿದ್ದರು. "ತಾತನ್ ಕಾಲ್ದಲ್ಲಿ ಇತ್ತಂತೆ ಅಂತ ಕೇಳಿದ್ದೆ. ಎಲ್ಲೈತೆ ಅಂತ ಯಾರಿಗ್ಗೊತ್ತು" ಅಂದರು ಯಜಮಾನರು. ನಾನು ಆಸರೆ ನಿಲ್ಲಿಸುವ ಮುಂಚೆ ನೆಲ ತಟ್ಟಿ ನೋಡಿದ್ದೆ. ಅದು ತನ್ನ ಟೊಳ್ಳನ್ನು ಬಿಟ್ಟುಕೊಟ್ಟಿರಲಿಲ್ಲ.

ಹೊರಗಿನಿಂದ ಹೊಸ ಆಸರೆ ತೂರಿಸಿ, ಜಾರಿದ ಚಪ್ಪಡಿಗೆ ಜಾಕ್ ಕೊಟ್ಟು, ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿದೆವು. ಬಿರುಕು ಇನ್ನಷ್ಟು ಬಿಟ್ಟರೆ ಮೊದಲು ಗಾಜು ಸೀಳುತ್ತದೆ. ಹಗೇವಿನ ಬಾಯಿ ಅಗಲ ಮಾಡಿ ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿದೆವು. ಮೊದಲ ಸಲ ಅರ್ಧದಲ್ಲೇ ಆರಿತು. ಅದು ಉರಿಯುವವರೆಗೆ ಯಾರನ್ನೂ ಇಳಿಸಲಿಲ್ಲ. ಗುಂಡಿ ನಾವು ಎಣಿಸಿದ್ದಕ್ಕಿಂತ ಅಗಲವಾಗಿದ್ದು, ಒಂದು ಕಾಂಕ್ರೀಟ್ ಕಂಬದ ಬುಡದ ತನಕ ಹಬ್ಬಿತ್ತು. ಅಲ್ಲಿಗೆ ಆ ಕಂಬವನ್ನೂ ನಂಬುವಂತಿರಲಿಲ್ಲ. ಗುಂಡಿಗೆ ಕಲ್ಲು ಕಾಂಕ್ರೀಟು ತುಂಬಿ, ಕಂಬದ ಬುಡ ಅಗಲಿಸಿ, ಬಲಿಯುವವರೆಗೆ ಕಾಯಬೇಕಾಯಿತು. ಗೋಡೆ ಅರ್ಧ ಹೋಗಿದೆ, ಗರ್ಡರ್ ಅಂಗಳದಲ್ಲಿ ಬಿದ್ದಿದೆ, ಸೂರು ಆಸರೆಯ ಮೇಲೆ ನಿಂತಿದೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕೊರಟಗೆರೆಯಲ್ಲಿ ಒಬ್ಬರು, ದೊಡ್ಡೇರಿಯಲ್ಲಿ ಒಬ್ಬರು ಯಾವಾಗ ಶುರು ಮಾಡ್ತೀರಿ ಅಂತ ಫೋನು ಮಾಡುತ್ತಿದ್ದರು. ನಾನು ದಿನಾ ಬೆಳಿಗ್ಗೆ ಪಾವಗಡದ ದಾರಿ ಹಿಡಿದು ಬಂದು ಆ ಗಾಜಿನ ಪಟ್ಟಿ ನೋಡುತ್ತಿದ್ದೆ. ಅದು ಸೀಳಿಲ್ಲವೆಂದು ಕಂಡ ಮೇಲೇ ಉಸಿರು ಬಿಡುತ್ತಿದ್ದದ್ದು.

ಗಂಡಸರು ಹಿಂದಿನ ಹೊಸ ಕೋಣೆ ಸೇರಿದರು, ಟಿವಿಯನ್ನೂ ಅಲ್ಲಿಗೇ ಸಾಗಿಸಿಕೊಂಡರು. ಅಡುಗೆಗೆ ಜಾಗ ಬೇಕಿತ್ತು. ಅಂಗಳದ ಆ ಬದಿಗೆ ದನದ ಕೊಟ್ಟಿಗೆ ಇತ್ತು. ಹೊಲ ಹೋದಾಗ ದನಗಳನ್ನೂ ಮಾರಿ ಅದು ಖಾಲಿ ಬಿದ್ದಿತ್ತು. ಹಿರಿಸೊಸೆ ನೆಲ ಸಾರಿಸಿ ಗ್ಯಾಸು ಒಲೆ ಅಲ್ಲಿಗಿಟ್ಟರು. ಕಿರಿಸೊಸೆ ಹಿಂದೆಯೇ ಯಂತ್ರ ಹೊತ್ತು ತಂದರು.

ಒಂದು ದಿನ ಮಳೆ ಹಿಡಿದು, ಹಳ್ಳ ರಸ್ತೆಯ ಮೇಲೆ ಹರಿದು, ನಾನು ಸಂಜೆಯವರೆಗೆ ಅಲ್ಲೇ ಸಿಕ್ಕಿಕೊಂಡೆ. ಹಿರಿಸೊಸೆ ಕೊಟ್ಟಿಗೆಗೆ ಕರೆದು ಮುದ್ದೆ, ಹುಳಿಸೊಪ್ಪು ಬಡಿಸಿದರು. ಬೀದಿಯ ಹೆಂಗಸರು ತಲೆಗೆ ಗೋಣಿ ಹೊದ್ದು ಬಂದು ಕೂತಿದ್ದರು. ಅವರ ಮಾತಿನಲ್ಲಿ ಕನ್ನಡ ತೆಲುಗು ಎರಡೂ ಕಲಸಿಕೊಂಡಿತ್ತು. ಒಬ್ಬಾಕೆ ತನ್ನ ಅತ್ತೆ ನಡೆಯುವ ಹಾಗೆ ನಡೆದು ತೋರಿಸಿದರು. ಹಿರಿಸೊಸೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಅವತ್ತು ಗೊತ್ತಾಯಿತು. ಊಟವಾದ ಮೇಲೆ ಗೋಡೆ ಬದಿಗೆ ಚಾಪೆ ಹಾಸಿ, ಕಾಲು ಚಾಚಿ, ಸೆರಗನ್ನು ಮುಖಕ್ಕೆಳೆದುಕೊಂಡು ಮಲಗಿಬಿಟ್ಟರು.

ಕಾಂಕ್ರೀಟು ಬಲಿತು, ಗರ್ಡರ್ ಎತ್ತಿ ಕೂರಿಸಿ, ಗೋಡೆಯ ಮೊಂಡನ್ನೂ ಕಿತ್ತ ಮೇಲೆ ಒಂದು ದಿನ, ಬಚ್ಚಲ ಪಕ್ಕ ಕೈ ತೊಳೆಯುತ್ತಿದ್ದಾಗ ಕಿರಿಸೊಸೆ ಬಂದು ನಿಂತರು.

"ಮೇಡಂ, ಇನ್ನೆಷ್ಟು ದಿನ ಆಯ್ತದೆ?"

"ಸಂದಿಗೆ ತುಂಬಿದ ಗಾರೆ ಬಲಿತರೆ ಮುಗೀತು. ಆಮೇಲೆ ಆಸರೆ ಇಳಿಸ್ತೀವಿ."

ಅವರು ಹಿಂದೆ ಮುಂದೆ ನೋಡಿದರು. "ಇಳಿಸ್ಬೇಡಿ. ಇನ್ನೂ ಭದ್ರ ಆಗಿಲ್ಲ ಅಂದ್ಬುಡಿ. ನೀವೊಂದ್ ಮಾತು ಅಂದ್ರೆ ಸಾಕು, ಅವ್ರು ಒಳೀಕ್ ಕಾಲಿಕ್ಕಲ್ಲ. ಅವತ್ತು ನೋಡಲಿಲ್ವಾ ಹೆಂಗೆ ಎದ್ ಬಂದ್ರು ಅಂತ."

"ಎಷ್ಟು ದಿನ ಅಂತ ಹೇಳಲಿ?"

"ಆದಷ್ಟ್ ದಿನ." ಅವರು ಇನ್ನೂ ಹತ್ತಿರ ಬಂದರು. "ಅಲ್ಲೋದ್ರೆ ನಾನು ಮಿಷನ್ ಮುಚ್ಬೇಕು. ಅಕ್ಕ ಮೊದ್ಲಿನಂಗೆ ಬಾಯಿ ಮುಚ್ಕೊತಾಳೆ. ನಿಮಗೇನ್ ನಷ್ಟ ಮೇಡಂ? ಒಂದ್ ಸುಳ್ಳು."

ಯೋಚಿಸ್ತೀನಿ ಅಂದೆ. ಮಧುಗಿರಿಗೆ ವಾಪಸು ಬರುವ ದಾರಿಯುದ್ದಕ್ಕೂ ಯೋಚಿಸಿದ್ದು ಅದನ್ನೇ. ಸುಳ್ಳು ಹೇಳುವುದು ಸುಲಭವಾಗಿತ್ತು. ಬಿರುಕು ಬಿಟ್ಟ ಚಪ್ಪಡಿಯನ್ನು ತೋರಿಸಿ ಮುಖ ಗಂಭೀರ ಮಾಡಿಕೊಂಡರೆ ಮುಗಿಯಿತು. ಆದರೆ ಅವತ್ತು ಆಸರೆ ಕುಸಿದಾಗ ಆ ಮನೆ ಖಾಲಿಯಾದದ್ದು ನನ್ನ ಒಂದು ಮಾತಿಗೆ. ಭದ್ರವಾದದ್ದನ್ನು ಅಭದ್ರ ಅಂತ ಒಂದು ಸಲ ಹೇಳಿ ಅದು ಊರಿಗೆ ಗೊತ್ತಾದರೆ, ಇನ್ನೊಂದು ಮನೆಯಲ್ಲಿ ಇನ್ನೊಂದು ಕಂಬ ಕುಸಿಯುವಾಗ ನಾನು ಹೊರಗೆ ಬನ್ನಿ ಅಂದರೆ ಯಾರು ಬರುತ್ತಾರೆ? ಅದೂ ಅಲ್ಲದೆ ಎಷ್ಟು ದಿನ? ಸುಳ್ಳನ್ನೂ ಯಾವತ್ತೋ ಒಂದು ದಿನ ಇಳಿಸಲೇಬೇಕಲ್ಲ. ಹಾಗೆಂದು ನಿಜ ಹೇಳಿದರೆ ಆ ಇಬ್ಬರನ್ನು ನಾನೇ ಕೈಯಾರೆ ಕರೆದುಕೊಂಡು ಹೋಗಿ ಆ ಹಾಲಿನ ನಡುವೆ ನಿಲ್ಲಿಸಿದಂತೆ. ಎತ್ತ ತಿರುಗಿದರೂ ಗೋಡೆಯೇ ಸಿಗುತ್ತಿತ್ತು.

ಮೇಸ್ತ್ರಿಗೆ ಹೇಳಿದೆ. ಅವರು ಗಡ್ಡ ತುರಿಸಿಕೊಂಡರು. "ನನ್ನ ಕೇಳ್ಬೇಡಿ ಮೇಡಂ. ಕಂಬ, ತೊಲೆ ಅಂದ್ರೆ ಹೇಳ್ತೀನಿ. ಇದು ನಂಗೆ ತಿಳಿಯೋದಲ್ಲ. ಶಿರಾದಾಗೆ ನಂದೂ ಕೆಲ್ಸ ನಿಂತೈತೆ."

ಆಸರೆ ಇಳಿಸುವ ದಿನ ಬಂತು. ನಡುವಿನಿಂದ ಶುರು ಮಾಡಿ ಎರಡು ತುದಿಗೆ ಹೋಗುತ್ತಾ, ಒಂದೊಂದು ತಿರುಪನ್ನೂ ಅರ್ಧ ಸುತ್ತು ಸಡಿಲಿಸಿ, ಕಾದು, ದಾರ ನೋಡಿ, ಮತ್ತೆ ಅರ್ಧ ಸುತ್ತು. ಗರ್ಡರ್ ಒಂದು ಸಲ ಟಕ್ ಎಂದಿತು, ಭಾರ ಹೆಗಲಿಗೆ ಬಂದಾಗ ಮಾಡುವ ಸದ್ದು. ಆಮೇಲೆ ಸುಮ್ಮನಾಯಿತು. ದಾರ ಅಲುಗಲಿಲ್ಲ. ಗಾಜು ಸೀಳಲಿಲ್ಲ. ಮೇಸ್ತ್ರಿ ಕೊನೆಯ ಆಸರೆ ತೆಗೆದು ಹೊರಗೆ ಹಾಕಿದಾಗ ಪಡಸಾಲೆಯ ಮುಂಬಾಗಿಲಿಂದ ಹಿತ್ತಲ ಬಾಗಿಲವರೆಗೆ ಒಂದೇ ಜಾಗ, ಒಂದೇ ಬೆಳಕು. ನಕ್ಷೆಯಲ್ಲಿ ನಾನು ಗೀಚಿದ ಗೆರೆ ಹಾಗೇ ಎದ್ದು ನಿಂತಿತ್ತು. ಚೆನ್ನಾಗಿತ್ತು, ಅದನ್ನು ಅಲ್ಲ ಅನ್ನಲಾರೆ.

"ಭದ್ರ ಐತಾ?" ಯಜಮಾನರು ಕೇಳಿದರು.

ಹಿತ್ತಲ ಬಾಗಿಲಲ್ಲಿ ಕಿರಿಸೊಸೆ ನಿಂತಿದ್ದರು. ನನ್ನ ಬಾಯನ್ನೇ ನೋಡುತ್ತಿದ್ದರು.

"ಭದ್ರವಾಗಿದೆ" ಅಂದೆ. ಅವರು ಮುಖ ತಿರುಗಿಸಿದರು.

ತಮ್ಮ ಹಾಲಿನ ನಡುವೆ ನಿಂತು ಸುತ್ತ ತಿರುಗಿ ಫೋಟೊ ತೆಗೆದರು. "ಸೂಪರ್ ಮೇಡಂ! ನಾಳೆ ಗ್ರಾನೈಟ್ ಕಟ್ಟೆ ಕೂರ್ಸಿ, ಇಲ್ಲಿ, ಈ ನಡೂಕೆ."

"ಅಡುಗೆ ಕಟ್ಟೆ ಇಲ್ಲಿ ಹಾಕ್ಸಲ್ಲ" ಅಂದೆ.

ಇಬ್ಬರೂ ನನ್ನ ಕಡೆ ತಿರುಗಿದರು.

"ಮನೆ ಗಟ್ಟಿಯಾಗಿದೆ, ಅದಕ್ಕೆ ನಾನು ಜವಾಬ್ದಾರಿ. ಆದ್ರೆ ಆ ಕಟ್ಟೆ ಮುಂದೆ ದಿನಾ ನಿಲ್ಲೋರು ನೀವಲ್ಲ. ನಿಲ್ಲೋರು ಬಾಯಿಬಿಟ್ಟು ಬೇಕು ಅನ್ನೋವರೆಗೂ ನಾನು ಕಲ್ಲು ಕೂರ್ಸಲ್ಲ. ಬೇರೆಯವರನ್ನ ಕರೆಸೋದಾದ್ರೆ ಕರೆಸಿ."

"ಏಮಮ್ಮಾ ಇದಿ?" ಯಜಮಾನರಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. ಇದೇನಮ್ಮಾ ಇದು ಎಂದು ನನ್ನನ್ನೇ ದಿಟ್ಟಿಸಿ, ಅಂಗಳದ ಕಡೆ ತಿರುಗಿ ಹೆಂಡತಿಯನ್ನು ಕೂಗಿದರು.

ಹಿರಿಸೊಸೆ ಬಂದರು. ಕೈಯೆಲ್ಲ ರಾಗಿ ಹಿಟ್ಟು. ಹೊಸಿಲ ಒಳಗೆ ಬರಲಿಲ್ಲ.

"ಇಲ್ಲಿ ಕಟ್ಟೆ ಬ್ಯಾಡ್ವಂತೆ. ಈಯಮ್ಮ ಅಂತಾಳೆ. ನಿಂಗ್ ಬೇಕಾ ಬ್ಯಾಡ್ವಾ, ಹೇಳು."

ಅವರು ನನ್ನ ಕಡೆ ಒಮ್ಮೆ ನೋಡಿದರು. ಆ ನೋಟದಲ್ಲಿ ಉಪಕಾರ ಸ್ಮರಣೆಯೇನೂ ಇರಲಿಲ್ಲ. ಮಾತಾಡದೆ ಬದುಕು ಸಾಗಿಸುವ ಒಂದು ದಾರಿ ಅವರಿಗಿತ್ತು. ನಾನು ಅದನ್ನೂ ಮುಚ್ಚಿ, ಗಂಡನ ಎದುರು, ಮೈದುನನ ಎದುರು ನಿಲ್ಲಿಸಿದ್ದೆ.

"ನಮ್ದೇನೈತೆ" ಅಂದರು. "ನೀವ್ ಹೇಳ್ದಂಗೆ."

ತಮ್ಮ ನಕ್ಕರು. "ನೋಡಿದ್ರಾ ಮೇಡಂ? ನಿಮ್ದೊಳ್ಳೆ ಕತೆ."

ನಾನು ಚೀಲ ಎತ್ತಿಕೊಂಡೆ. ಮೇಸ್ತ್ರಿ ದಾರ ಸುತ್ತತೊಡಗಿದರು.

"ಅಕ್ಕಾ" ಎಂದರು ಕಿರಿಸೊಸೆ, ಹಿಂದಿನಿಂದ. "ಹೇಳ್ಬುಡಕ್ಕಾ. ನನ್ ಮುಂದೆ ದಿನಾ ಹೇಳ್ತೀಯಲ್ಲ, ಅದ್ನೇ ಹೇಳು."

"ನೀನ್ ಸುಮ್ಕಿರು" ಅಂದರು ತಮ್ಮ.

ಹಿರಿಸೊಸೆ ಕೈಯ ಹಿಟ್ಟನ್ನು ಒಂದೊಂದೇ ಬೆರಳಿಂದ ಉಜ್ಜಿ ತೆಗೆಯುತ್ತಿದ್ದರು. ತಲೆ ಎತ್ತದೆ ಮಾತಾಡಿದರು.

"ನಂಗೂ ಹೊಲ ಇತ್ತು."

ಇನ್ನೊಂದು ಬೆರಳ ಹಿಟ್ಟು ಉಜ್ಜಿದರು.

"ಹೊಲ ನಿಮ್ದೊಬ್ರುದೇ ಅಂದ್ಕೊಂಡಿದ್ರಾ? ಕಳೆ ಕೀಳೋಕೋಗಿ, ಕಡ್ಲೆಕಾಯ್ ಬಿಡ್ಸೋಕೋಗಿ, ನಾಕ್ ಜನದ ಜತೆ ನಗ್ತಿದ್ದೆ, ಅತ್ಕೊತಿದ್ದೆ. ನೀವ್ ಕೇಳ್ತಿರ್ಲಿಲ್ಲ, ನೋಡ್ತಿರ್ಲಿಲ್ಲ. ಹೊಲ ಹೋಯ್ತು. ನೀವು ಮನೀಗ್ ಬಂದ್ಬುಟ್ರಿ. ಬನ್ನಿ, ನಿಮ್ ಮನೆ, ಬ್ಯಾಡ ಅನ್ನಾಕಾಯ್ತದಾ? ನಾವು ಗೋಡೆ ಹಿಂದಕ್ ಹೋದ್ವಿ. ಈಗ ಗೋಡೇನೂ ಹೋಯ್ತು." ಅಲ್ಲಿಗೆ ತಲೆ ಎತ್ತಿದರು. "ಇನ್ನೆಲ್ಲಿಗ್ ಹೋಗ್ಲಿ? ನೀವೇ ಹೇಳಿ, ಅಲ್ಲಿಗೋಯ್ತೀನಿ."

ಅಷ್ಟು ಹೇಳಿ, ಮುದ್ದೆ ಒಲೆ ಮೇಲೈತೆ ಎಂದು ಕೊಟ್ಟಿಗೆಗೆ ನಡೆದರು.

ಯಜಮಾನರು ಗರ್ಡರನ್ನೇ ನೋಡುತ್ತಾ ನಿಂತಿದ್ದರು. ತಮ್ಮ "ಅಣ್ಣಾ" ಅಂದರು. ಯಜಮಾನರು ಹೆಗಲ ಮೇಲಿನ ಟವಲು ಕೊಡವಿ ಹಾಕಿಕೊಂಡು ಮುಂಬಾಗಿಲಿಂದ ಹೊರಗೆ ಹೋದರು. ಫಲಕಗಳ ಬೇಲಿಯವರೆಗೆ ಹೋಗುವ ಕಾಲುದಾರಿಯಲ್ಲಿ ನಡೆಯುತ್ತಿದ್ದದ್ದು ಬಾಗಿಲಿಂದ ಕಾಣುತ್ತಿತ್ತು.

ನಾನು ಮಧುಗಿರಿಗೆ ಬಂದೆ. ಆ ಮನೆ ನನ್ನ ಕೈತಪ್ಪಿತು ಅಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ನಾನು ಹೊರಟುಬಂದ ಮೇಲೆ ಆ ಹೆಂಗಸರಿಗೆ ಏನಾಯಿತೋ ಎಂದು ಊಟಕ್ಕೆ ಕೂತಾಗಲೂ ಯೋಚಿಸುತ್ತಿದ್ದೆ. ದೊಡ್ಡೇರಿಯ ಮನೆಯವರು ಅಡುಗೆಮನೆ ಗೋಡೆ ತೆಗೆಸೋಣ ಅಂದಾಗ ನಾನು ಅಳತೆ ಟೇಪು ಬಿಚ್ಚದೆ ಮೊದಲು ಆ ಮನೆಯಾಕೆಯನ್ನು ಕರೆದುಕೊಂಡು ಹಿತ್ತಲಿಗೆ ಹೋದೆ. ಆಕೆ ನನಗೇನೋ ಕಾಯಿಲೆ ಅಂದುಕೊಂಡರು.

ಹಾಗೇ ಕೆಲವು ದಿನ ಕಳೆದ ಮೇಲೆ ಯಜಮಾನರ ಫೋನು ಬಂತು.

"ಅಡ್ಗೆ ಕೊಟ್ಗೇಲೇ ಆಗ್ಲಿ. ಅದುಕ್ಕೆ ಏನೇನ್ ಬೇಕು ಅಂತ ಅವ್ರುನ್ನ ಕೇಳಿ ಮಾಡ್ಬುಡಮ್ಮ. ನನ್ನ ಕೇಳ್ಬೇಡ" ಅಂದು ಇಟ್ಟುಬಿಟ್ಟರು.

ನಾನು ಹೋದಾಗ ಸೊಸೆಯರಿಬ್ಬರೂ ಸಿದ್ಧರಿದ್ದರು. ಹಿರಿಸೊಸೆ ಎಲ್ಲಿ ಏನು ಎಂದು ಕಾಲಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ನೆಲ ಎತ್ತರಿಸಿ ಗಚ್ಚು ಹಾಕಿಸಿದೆವು, ನೀರು ಹೋಗಲು ದಾರಿ ಮಾಡಿದೆವು, ಕಟ್ಟೆಯನ್ನು ಅವರ ಸೊಂಟಕ್ಕೆ ತಕ್ಕ ಎತ್ತರಕ್ಕೆ ಹಾಕಿದೆವು. ಕಿರಿಸೊಸೆ ಬೀದಿ ಕಡೆಗೆ ದೊಡ್ಡ ಕಿಟಕಿ ಕೇಳಿದರು. ಮನೆಯ ಕಡೆಗೆ ತೆರೆದೇ ಇದ್ದ ಬದಿಗೆ ಏನು ಮಾಡಲಿ ಎಂದು ಕೇಳಿದೆ. ಅರ್ಧ ಗೋಡೆ ಕಟ್ಟಿ ಮೇಲೆ ಜಾಲರಿ ಕೊಟ್ಟರೆ ಗಾಳಿ ಬರುತ್ತೆ, ನೋಡೋಕೂ ಚೆಂದ ಅಂದೆ.

"ಪೂರ್ತಿ ಕಟ್ಬುಡಿ ಕಣಮ್ಮ" ಅಂದರು ಹಿರಿಸೊಸೆ. "ಸೂರು ಮುಟ್ಲಿ."

ಮೇಸ್ತ್ರಿ ಪೂರ್ತಿ ಕಟ್ಟಿದರು. ಮಳೆಯಲ್ಲಿ ಊಟ ಒಯ್ಯಲು ಅಲ್ಲಿಂದ ಮನೆಗೆ ಒಂದು ಕಿರಿದಾದ ಚಾವಣಿ ಇಳಿಸಿದೆವು. ಕಿರಿಸೊಸೆ ನನ್ನ ಜೊತೆ ಮತ್ತೆ ಮಾತಾಡತೊಡಗಿದರು, ಆದರೆ ಆ ಸುಳ್ಳಿನ ವಿಷಯ ಎತ್ತಲಿಲ್ಲ. ತಮ್ಮನ ಮುಖ ಕೊನೆಯವರೆಗೂ ಬಿಗಿದೇ ಇತ್ತು. ಹಾಲಿನಲ್ಲಿ ದೊಡ್ಡ ಸೋಫಾ ಬಂತು, ದೊಡ್ಡ ಟಿವಿ ಬಂತು. ನೆಂಟರು ಬಂದರೆ ಅವರು ಮೊದಲು ತೋರಿಸುವುದು ಅದನ್ನೇ. ನೆಂಟರೂ ಬಾಯ್ತುಂಬ ಹೊಗಳುತ್ತಾರಂತೆ. ಆ ಇಬ್ಬರು ಹೆಂಗಸರು ತಾವಾಗಿ ಆರಿಸಿಕೊಂಡದ್ದು ದನ ಕಟ್ಟುತ್ತಿದ್ದ ಜಾಗ. ಅದನ್ನು ಗೆಲುವು ಎನ್ನಲು ನನಗೆ ಇವತ್ತಿಗೂ ನಾಲಿಗೆ ಏಳುವುದಿಲ್ಲ. ಊರಿಗೆ ಹೊಸದಾಗಿ ಬಂದವರು ಆ ಮನೆಯಲ್ಲಿ ಹೆಂಗಸರನ್ನು ಕೊಟ್ಟಿಗೆಗೆ ಹಾಕಿದ್ದಾರೆ ಅಂದುಕೊಂಡರೂ ಆಶ್ಚರ್ಯವಿಲ್ಲ.

ಕೆಲಸ ಮುಗಿದ ದಿನ ನಾನು ಅಲ್ಲಿ ಒಳಗೇ ಕೂತಿದ್ದೆ. ಹೊಸ ಬಾಗಿಲು ಮುಚ್ಚಿತ್ತು. ಕಿರಿಸೊಸೆಯ ಯಂತ್ರ ಓಡುತ್ತಿತ್ತು, ಕಿಟಕಿಯಾಚೆ ನಿಂತ ಹೆಂಗಸೊಬ್ಬರು ರವಿಕೆಯ ತೋಳು ಗಿಡ್ಡವಾಯಿತೆಂದು ಜಗಳ ತೆಗೆದಿದ್ದರು. ಹೊರಗೆ ಚಪ್ಪಲಿ ಸದ್ದಾಯಿತು. ಬಂದವರು ಸ್ವಲ್ಪ ಹೊತ್ತು ನಿಂತರು. ಕೆಮ್ಮಿದರು. ಆಮೇಲೆ ಬಾಗಿಲ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದ ಸದ್ದು ಬಂತು.

ಯಂತ್ರ ನಿಂತಿತು. ಸೊಸೆಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಯಾರು?" ಅಂದರು ಹಿರಿಸೊಸೆ.

"ನಾನು ಕಣೇ" ಎಂದಿತು ಯಜಮಾನರ ದನಿ. "ಒಂಚೂರ್ ಕಾಫಿ ಆಯ್ತದಾ?"

ಹಿರಿಸೊಸೆ ಕೂತಲ್ಲಿಂದ ಏಳಲಿಲ್ಲ. "ಆಯ್ತದೆ. ಅಲ್ಲೇ ಕೂತ್ಕಳಿ, ತತ್ತೀನಿ" ಅಂದರು. ಕಿಟಕಿಯಾಚೆಯವರ ಕಡೆ ತಿರುಗಿ ತೋಳಿನ ಮಾತು ಮುಗಿಸಿದರು. ಆಮೇಲೆ ಎದ್ದು ನೀರಿಟ್ಟರು.